ಸ್ಟಾರ್ಟ್ ಆಗದ ಸಣ್ಣ ಔಟ್‌ಬೋರ್ಡ್ ಎಂಜಿನ್: ತೊಂದರೆ ಹುಡುಕುವ ಕ್ರಮ

ದೋಣಿಯ ಹಿಂಬದಿಗೆ ಬಿಗಿಯುವ ಸಣ್ಣ ಔಟ್‌ಬೋರ್ಡ್ ಎಂಜಿನ್ ಸ್ಟಾರ್ಟ್ ಆಗದಿದ್ದಾಗ ಹೆಚ್ಚಿನವರು ಮೊದಲು ಮಾಡುವುದು ಹಗ್ಗವನ್ನು ಮತ್ತೆ ಮತ್ತೆ ಎಳೆಯುವುದು. ಇದರಿಂದ ತೋಳು ಸೋಲುತ್ತದೆ, ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿಕೊಳ್ಳುತ್ತದೆ, ಮೊದಲೇ ಇದ್ದ ಒಂದು ತೊಂದರೆಗೆ ಇನ್ನೊಂದು ಸೇರಿಕೊಳ್ಳುತ್ತದೆ. ನಾಲ್ಕೈದು ಸಲ ಸರಿಯಾಗಿ ಎಳೆದರೂ ಎಂಜಿನ್ ಓಗೊಡದಿದ್ದರೆ ಹಗ್ಗ ಬಿಟ್ಟು ಯೋಚಿಸುವುದೇ ಬೇಗನೆ ಫಲ ಕೊಡುವ ದಾರಿ.

ಪೆಟ್ರೋಲ್ ಎಂಜಿನ್ ಓಡಲು ಮೂರು ಸಂಗತಿಗಳು ಕೂಡಿಬರಬೇಕು: ಸರಿಯಾದ ಪ್ರಮಾಣದಲ್ಲಿ ಬೆರೆತ ಗಾಳಿ ಮತ್ತು ಪೆಟ್ರೋಲ್, ಸರಿಯಾದ ಕ್ಷಣದಲ್ಲಿ ಹಾರುವ ಕಿಡಿ, ಆ ಮಿಶ್ರಣವನ್ನು ಸೋರದಂತೆ ಒತ್ತಿ ಹಿಡಿಯುವ ಸಿಲಿಂಡರ್. ಇವುಗಳಲ್ಲಿ ಯಾವುದು ಕೈಕೊಟ್ಟಿದೆ ಎಂಬುದನ್ನು ಊಹೆಯಿಂದಲ್ಲ, ಪರೀಕ್ಷೆಯಿಂದ ತಿಳಿಯಬೇಕು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಬೇಕು. ಕಿಡಿ ಹಾರಿಸುವ ಪ್ಲಗ್, ಪೆಟ್ರೋಲ್ ಸೋಸುವ ಫಿಲ್ಟರ್, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಎಲ್ಲವನ್ನೂ ಒಟ್ಟಿಗೆ ಬಿಚ್ಚಿದವರಿಗೆ ಎಂಜಿನ್ ಸ್ಟಾರ್ಟ್ ಆದರೂ ಯಾವುದರಿಂದ ಆಯಿತೆಂದು ಗೊತ್ತಾಗುವುದಿಲ್ಲ. ಇಲ್ಲಿ ಹೇಳುವ ಕ್ರಮವು ಕಾರ್ಬ್ಯುರೇಟರ್ ಇರುವ, ಹಗ್ಗ ಎಳೆದು ಸ್ಟಾರ್ಟ್ ಮಾಡುವ, ಸುಮಾರು 2 ರಿಂದ 15 ಅಶ್ವಶಕ್ತಿಯ ಎಂಜಿನ್‌ಗಳಿಗೆ ಹೊಂದುತ್ತದೆ.

ಕೈ ಹಾಕುವ ಮುನ್ನ

ದೋಣಿ ನೀರಿನ ಮೇಲಿದ್ದಾಗಲೇ ಎಂಜಿನ್ ನಿಂತಿದ್ದರೆ ಮೊದಲ ಕೆಲಸ ಎಂಜಿನ್‌ನದ್ದಲ್ಲ, ಲಂಗರಿನದ್ದು. ಗಾಳಿಯೂ ಸೆಳೆತವೂ ದೋಣಿಯನ್ನು ಬಂಡೆಯ ಕಡೆಗೋ ಬೇರೆ ದೋಣಿಗಳ ದಾರಿಗೋ ಒಯ್ಯುತ್ತಿರುವಾಗ ತಲೆ ಬಗ್ಗಿಸಿ ಪ್ಲಗ್ ಬಿಚ್ಚುವುದು ಅಪಾಯ. ಲಂಗರು ಹಿಡಿಯದಷ್ಟು ಆಳವಿದ್ದರೆ ಒಬ್ಬರು ಹುಟ್ಟು ಹಿಡಿದು ದೋಣಿಯನ್ನು ನಿಭಾಯಿಸಲಿ, ಇನ್ನೊಬ್ಬರು ಎಂಜಿನ್ ನೋಡಲಿ. ಎಲ್ಲರೂ ಜೀವರಕ್ಷಕ ಜಾಕೆಟ್ ಧರಿಸಿರಬೇಕು, ಏಕೆಂದರೆ ನಿಂತುಕೊಂಡು ಹಗ್ಗ ಎಳೆಯುವಾಗ ಆಯ ತಪ್ಪಿ ನೀರಿಗೆ ಬೀಳುವುದು ಕಷ್ಟವೇನಲ್ಲ.

ದಡದಲ್ಲಿ ಪರೀಕ್ಷಿಸುವುದಾದರೆ ಎಂಜಿನ್‌ಗೆ ನೀರು ಬೇಕು. ಹೆಚ್ಚಿನ ಔಟ್‌ಬೋರ್ಡ್ ಎಂಜಿನ್‌ಗಳು ತಾವು ನಿಂತಿರುವ ನೀರನ್ನೇ ಒಳಗೆಳೆದು ತಣ್ಣಗಾಗುತ್ತವೆ. ಆ ನೀರನ್ನು ಎತ್ತುವ ರಬ್ಬರ್ ಇಂಪೆಲರ್ ಒಣಗಿದ್ದಾಗ ತಿರುಗಿದರೆ ಅಲ್ಪ ಸಮಯದಲ್ಲೇ ಸವೆದು ಹರಿಯುತ್ತದೆ. ಆದ್ದರಿಂದ ಕೆಳಭಾಗವನ್ನು ನೀರು ತುಂಬಿದ ಡ್ರಮ್ಮಿನಲ್ಲಿ, ನೀರೆಳೆಯುವ ಜಾಲರಿ ಪೂರ್ತಿ ಮುಳುಗುವಂತೆ ಇಳಿಸಿ, ಅಥವಾ ಆ ಜಾಲರಿಯ ಮೇಲೆ ಕೂರುವ ರಬ್ಬರ್ ಕಪ್ಪುಗಳ ಮೂಲಕ ಪೈಪಿನಿಂದ ನೀರು ಬಿಡಿ. ಡ್ರಮ್ಮಿನಲ್ಲಿ ಇಡುವಾಗ ಪ್ರೊಪೆಲ್ಲರ್ ಬಿಚ್ಚಿಡುವುದು ಉತ್ತಮ. ಕೆಲಸ ಬಯಲಿನಲ್ಲಿ ನಡೆಯಲಿ. ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯಬಲ್ಲದು. ಪೆಟ್ರೋಲ್ ಚೆಲ್ಲಿದ್ದರೆ ಒರೆಸಿ, ಆವಿ ಹೋಗುವವರೆಗೆ ಕಾದು ಮುಂದುವರಿಯಿರಿ.

ಮೊದಲ ಹಂತ: ಸ್ಪ್ಯಾನರ್ ಬೇಡದ ತಪಾಸಣೆ

ಈ ಹಂತವನ್ನು ಹಾರಿಸಿ ಮುಂದೆ ಹೋಗುವ ಆಸೆ ಎಲ್ಲರಿಗೂ ಆಗುತ್ತದೆ. ಆದರೆ ಸ್ಟಾರ್ಟ್ ಆಗದ ಎಂಜಿನ್‌ಗಳಲ್ಲಿ ಬಹಳಷ್ಟು ಇಲ್ಲಿಯೇ ಸರಿಹೋಗುತ್ತವೆ.

ಎಂಜಿನ್ ಆರಿಸುವ ಕಿಲ್ ಸ್ವಿಚ್ಚಿನಿಂದ ಆರಂಭಿಸಿ. ಚಾಲಕನ ಕೈಗೋ ಜಾಕೆಟ್ಟಿಗೋ ಕಟ್ಟುವ ಕೆಂಪು ಸುರುಳಿ ಹಗ್ಗದ ತುದಿಯ ಕ್ಲಿಪ್ ತನ್ನ ಜಾಗದಲ್ಲಿ ಪೂರ್ತಿ ಕೂತಿರದಿದ್ದರೆ ಎಂಜಿನ್‌ಗೆ ಕಿಡಿಯೇ ಸಿಗುವುದಿಲ್ಲ. ಕ್ಲಿಪ್ಪನ್ನು ಒಮ್ಮೆ ತೆಗೆದು ಮತ್ತೆ ಹಾಕಿ, ಗುಂಡಿ ಒತ್ತಿದಾಗ ಅದು ಸರಾಗವಾಗಿ ಚಿಮ್ಮಿ ಹೊರಬರುತ್ತದೆಯೇ ನೋಡಿ; ಉಪ್ಪು ನೀರಿನಲ್ಲಿ ಬಳಸುವ ಎಂಜಿನ್‌ಗಳಲ್ಲಿ ಈ ಗುಂಡಿ ತುಕ್ಕು ಹಿಡಿದು ಅರ್ಧದಲ್ಲೇ ಸಿಕ್ಕಿಕೊಳ್ಳುವುದುಂಟು. ಅನಂತರ ಗೇರ್ ನ್ಯೂಟ್ರಲ್‌ನಲ್ಲಿದೆಯೇ ಖಚಿತಪಡಿಸಿಕೊಳ್ಳಿ. ಹೆಚ್ಚಿನ ಎಂಜಿನ್‌ಗಳಲ್ಲಿ ಗೇರ್ ಬಿದ್ದಿರುವಾಗ ಹಗ್ಗವೇ ಬರದಂತೆ ತಡೆ ಇರುತ್ತದೆ, ಹೀಗಾಗಿ ಹಗ್ಗ ಬಿಗಿಯಾಗಿದೆ ಎಂದ ಕೂಡಲೇ ಎಂಜಿನ್ ಜಾಮ್ ಆಗಿದೆಯೆಂದು ಹೆದರಬೇಕಾಗಿಲ್ಲ.

ಮೂರನೆಯದು ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿ ತಿರುಪು. ಸಾಗಿಸುವಾಗ ಪೆಟ್ರೋಲ್ ಚೆಲ್ಲದಿರಲೆಂದು ಇದನ್ನು ಮುಚ್ಚಿರುತ್ತಾರೆ, ಆಮೇಲೆ ಮರೆಯುತ್ತಾರೆ. ಗಾಳಿ ಒಳಗೆ ಹೋಗದಿದ್ದರೆ ಪೆಟ್ರೋಲ್ ಹೊರಗೆ ಬರುವುದಿಲ್ಲ. ಎಂಜಿನ್ ಹತ್ತು ನಿಮಿಷ ಚೆನ್ನಾಗಿ ಓಡಿ ಸೊರಗುತ್ತ ನಿಂತಿತೆಂದರೆ ಮೊದಲ ಗುಮಾನಿ ಈ ತಿರುಪಿನ ಮೇಲೆಯೇ ಇರಬೇಕು. ಎಂಜಿನ್ ಒಳಗೇ ಟ್ಯಾಂಕ್ ಇರುವ ಅತಿ ಸಣ್ಣ ಮಾದರಿಗಳಲ್ಲಿ ಇದರ ಜೊತೆಗೆ ಪೆಟ್ರೋಲ್ ಕಾಕ್ ತೆರೆದಿದೆಯೇ ಎಂಬುದನ್ನೂ ನೋಡಬೇಕು.

ಆಮೇಲೆ ಪೆಟ್ರೋಲ್ ಪೈಪಿನ ನಡುವಿರುವ ರಬ್ಬರ್ ಬಲ್ಬ್. ಇದರ ಮೇಲಿನ ಬಾಣದ ಗುರುತು ಎಂಜಿನ್ ಕಡೆಗೆ ಮುಖ ಮಾಡಿರಬೇಕು. ಬಾಣದ ತುದಿ ಮೇಲಕ್ಕಿರುವಂತೆ ಹಿಡಿದು ಬಲ್ಬ್ ಗಟ್ಟಿಯಾಗುವವರೆಗೆ ಹಿಚುಕಿ. ಬಲ್ಬ್ ಹೇಗೆ ವರ್ತಿಸುತ್ತದೆ ಎಂಬುದರಲ್ಲೇ ಸಾಕಷ್ಟು ಸುದ್ದಿ ಇದೆ. ಎಷ್ಟು ಹಿಚುಕಿದರೂ ಮೆತ್ತಗೇ ಉಳಿದರೆ ಟ್ಯಾಂಕಿನ ಕಡೆಯಿಂದ ಗಾಳಿ ಸೇರುತ್ತಿದೆ, ಅಥವಾ ಬಲ್ಬಿನೊಳಗಿನ ಕವಾಟ ಕೆಟ್ಟಿದೆ, ಅಥವಾ ಪೆಟ್ರೋಲ್ ಕಾರ್ಬ್ಯುರೇಟರಿನಿಂದ ಹೊರಗೆ ಹರಿದುಹೋಗುತ್ತಿದೆ. ಚಪ್ಪಟೆಯಾಗಿ ಮತ್ತೆ ಉಬ್ಬದಿದ್ದರೆ ಅಡಚಣೆ ಬಲ್ಬಿಗೂ ಟ್ಯಾಂಕಿಗೂ ನಡುವೆ ಇದೆ, ಇಲ್ಲವೇ ಗಾಳಿ ತಿರುಪು ಮುಚ್ಚಿದೆ. ಮೊದಲ ಹಿಚುಕಿಗೇ ಕಲ್ಲಿನಂತಾದರೆ ಒಂದೋ ಕಾರ್ಬ್ಯುರೇಟರ್ ಆಗಲೇ ತುಂಬಿದೆ, ಅಥವಾ ಪೈಪಿನ ಕನೆಕ್ಟರ್ ಎಂಜಿನ್‌ಗೆ ಸರಿಯಾಗಿ ಕೂತಿಲ್ಲ. ಕನೆಕ್ಟರಿನ ಒಳಗಿರುವ ಸಣ್ಣ ರಬ್ಬರ್ ರಿಂಗ್ ಸೀಳಿದ್ದರೆ ಪೆಟ್ರೋಲ್ ಹೊರಗೆ ತೊಟ್ಟಿಕ್ಕದೆಯೂ ಗಾಳಿ ಒಳಗೆ ಹೋಗಬಲ್ಲದು; ಕಣ್ಣಿಗೆ ಬೀಳದ ತೊಂದರೆಗಳಲ್ಲಿ ಇದೊಂದು.

ಕೊನೆಯದಾಗಿ ಚೋಕ್, ಎಂದರೆ ಗಾಳಿ ತಗ್ಗಿಸಿ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಿಸುವ ಗುಂಡಿ. ತಣ್ಣಗಿರುವ ಎಂಜಿನ್‌ಗೆ ಚೋಕ್ ಪೂರ್ತಿ ಎಳೆಯಬೇಕು, ಎಂಜಿನ್ ಒಮ್ಮೆ ಗುರುಗುಟ್ಟಿದ ಕೂಡಲೇ ನಿಧಾನವಾಗಿ ಹಿಂದಕ್ಕೆ ಬಿಡಬೇಕು. ಆಗಷ್ಟೇ ಓಡಿ ನಿಂತ ಬಿಸಿ ಎಂಜಿನ್‌ಗೆ ಚೋಕ್ ಬೇಡ. ಬಿಸಿ ಎಂಜಿನ್‌ಗೆ ಚೋಕ್ ಎಳೆದು ಹಗ್ಗ ಜಗ್ಗಿದರೆ ಅದು ಸಾಮಾನ್ಯವಾಗಿ ಓವರ್‌ಫ್ಲೋ ಆಗುತ್ತದೆ, ಎಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಮಿತಿಮೀರಿ ತುಂಬಿಕೊಳ್ಳುತ್ತದೆ.

ಎರಡನೆಯ ಹಂತ: ಪ್ಲಗ್ ಬಿಚ್ಚಿ ನೋಡುವುದು

ಮೇಲಿನದೆಲ್ಲ ಸರಿಯಿದ್ದೂ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಮೇಲಿನ ಮುಚ್ಚಳ ತೆಗೆದು ಸ್ಪಾರ್ಕ್ ಪ್ಲಗ್ ಬಿಚ್ಚಿ. ಸಿಲಿಂಡರಿನ ಒಳಗಿನಿಂದ ಹೊರಬರುವ ಏಕೈಕ ಸಾಕ್ಷಿ ಇದು. ಒದ್ದೆಯೋ ಒಣಗಿದೆಯೋ ಎಂಬ ಒಂದೇ ಸಂಗತಿ ಮುಂದಿನ ಇಡೀ ಹುಡುಕಾಟದ ದಿಕ್ಕನ್ನು ನಿರ್ಧರಿಸುತ್ತದೆ. ತುದಿ ಒಣಗಿದ್ದು ಪೆಟ್ರೋಲ್ ವಾಸನೆಯೂ ಇಲ್ಲವೆಂದರೆ ಇಂಧನ ಸಿಲಿಂಡರನ್ನು ಮುಟ್ಟುತ್ತಿಲ್ಲ. ಪೆಟ್ರೋಲಿನಿಂದ ತೊಯ್ದಿದ್ದರೆ ಇಂಧನ ಬರುತ್ತಿದೆ, ಆದರೆ ಕಿಡಿ ಇಲ್ಲ, ಅಥವಾ ಇಂಧನ ಅತಿಯಾಗಿದೆ. ತುದಿಯಲ್ಲಿ ನೀರಿನ ಹನಿ ಕಂಡರೆ ಟ್ಯಾಂಕಿನ ಪೆಟ್ರೋಲಿನಲ್ಲಿ ನೀರು ಸೇರಿದೆಯೇ ನೋಡಬೇಕು. ದಪ್ಪ ಕಪ್ಪು ಮಸಿ ಹತ್ತಿದ್ದರೆ ಚೋಕ್ ಸಿಕ್ಕಿಕೊಂಡಿರುವ ಅಥವಾ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿರುವ ಸೂಚನೆ.

ಪ್ಲಗ್ಗಿನ ಮೇಲೆ ಬರೀ ಎಣ್ಣೆಯಿದ್ದರೆ ಎಂಜಿನ್ ಯಾವ ಬಗೆಯದು ಎಂದು ಕೇಳಿಕೊಳ್ಳಬೇಕು. ಟು-ಸ್ಟ್ರೋಕ್ ಆದರೆ ಪೆಟ್ರೋಲಿಗೆ ಬೆರೆಸಿದ ಆಯಿಲ್ ಮಿತಿಮೀರಿದೆ. ಇತ್ತೀಚಿನ ಅನೇಕ ಟು-ಸ್ಟ್ರೋಕ್ ಎಂಜಿನ್‌ಗಳಿಗೆ 50:1 ಪ್ರಮಾಣ, ಎಂದರೆ 1 ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್ ಆಯಿಲ್; ಕೆಲವು ಹಳೆಯ ಮಾದರಿಗಳಿಗೆ 25:1, ಎಂದರೆ 40 ಮಿಲಿಲೀಟರ್. ತಮ್ಮ ಎಂಜಿನ್ನಿನ ಪ್ರಮಾಣವನ್ನು ಕೈಪಿಡಿಯಲ್ಲೇ ನೋಡಿ ಬೆರೆಸಬೇಕು. ಫೋರ್-ಸ್ಟ್ರೋಕ್ ಆದರೆ ಅದನ್ನು ಸಾಗಿಸುವಾಗ ಯಾವ ಮಗ್ಗುಲಲ್ಲಿ ಮಲಗಿಸಿದ್ದರು ಎಂಬುದು ಮುಖ್ಯ ಪ್ರಶ್ನೆ. ಸಣ್ಣ ಫೋರ್-ಸ್ಟ್ರೋಕ್ ಎಂಜಿನ್ ಮೇಲೆ ಯಾವ ಬದಿ ಕೆಳಗಿರಬೇಕೆಂಬ ಗುರುತು ಸಾಮಾನ್ಯವಾಗಿ ಇರುತ್ತದೆ; ತಪ್ಪು ಮಗ್ಗುಲಲ್ಲಿ ಮಲಗಿಸಿದರೆ ತಳದ ಆಯಿಲ್ ಸಿಲಿಂಡರಿಗೂ ಗಾಳಿ ಎಳೆಯುವ ದಾರಿಗೂ ಹರಿಯುತ್ತದೆ. ಹೀಗಾಗಿದ್ದರೆ ಪ್ಲಗ್ ಬಿಚ್ಚಿಟ್ಟು, ತೂತಿನ ಮೇಲೆ ಬಟ್ಟೆ ಹಿಡಿದು, ಹಗ್ಗವನ್ನು ನಿಧಾನವಾಗಿ ಹಲವು ಸಲ ಎಳೆದು ಆಯಿಲ್ ಹೊರಹಾಕಬೇಕು. ಪ್ಲಗ್ ಇದ್ದಂತೆಯೇ ಜೋರಾಗಿ ಎಳೆದರೆ ಪಿಸ್ಟನ್ ಮೇಲೆ ನಿಂತ ಆಯಿಲ್ ಒತ್ತಲಾಗದೆ ಒಳಭಾಗಗಳಿಗೇ ಪೆಟ್ಟಾಗಬಹುದು.

ಪ್ಲಗ್ಗಿನ ಬಿಳಿ ಪಿಂಗಾಣಿಯಲ್ಲಿ ಬಿರುಕಿದ್ದರೆ ಅದನ್ನು ಒರೆಸಿ ಮತ್ತೆ ಹಾಕುವ ಪ್ರಯತ್ನ ಬೇಡ, ಹೊಸದನ್ನೇ ಹಾಕಿ. ತುದಿಯ ಅಂತರ ಮಾದರಿಯನ್ನು ಅವಲಂಬಿಸಿ ಸಾಮಾನ್ಯವಾಗಿ 0.6 ರಿಂದ 1.0 ಮಿಲಿಮೀಟರ್ ಒಳಗಿರುತ್ತದೆ. ದೋಣಿಯಲ್ಲಿ ಒಂದು ಹೊಸ ಪ್ಲಗ್ಗನ್ನೂ ಅದಕ್ಕೆ ಹೊಂದುವ ಸ್ಪ್ಯಾನರನ್ನೂ ಯಾವಾಗಲೂ ಇಟ್ಟಿರಬೇಕು. ಅರ್ಧ ಅನುಮಾನಗಳನ್ನು ಹೊಸ ಪ್ಲಗ್ ಒಂದೇ ಪರಿಹರಿಸುತ್ತದೆ.

ಮೂರನೆಯ ಹಂತ: ಕಿಡಿ ಇದೆಯೇ?

ಕಿಡಿ ಪರೀಕ್ಷಿಸುವ ಮೊದಲು ಪೆಟ್ರೋಲ್ ಪೈಪನ್ನು ಎಂಜಿನ್‌ನಿಂದ ಬೇರ್ಪಡಿಸಿ, ಸುತ್ತ ಪೆಟ್ರೋಲಿನ ಆವಿ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಪ್ಲಗ್ ಒದ್ದೆಯಾಗಿ ಬಂದಿದ್ದರೆ ಸಿಲಿಂಡರಿನಲ್ಲಿ ಉಳಿದಿರುವ ಪೆಟ್ರೋಲನ್ನು ಮೊದಲು ಹೊರಹಾಕಬೇಕು: ಕಿಲ್ ಕ್ಲಿಪ್ ತೆಗೆದು, ಪ್ಲಗ್ ಕ್ಯಾಪನ್ನು ದೂರ ಸರಿಸಿ, ಹಗ್ಗವನ್ನು ಕೆಲವು ಸಲ ಎಳೆದು, ಹೊರಬಂದದ್ದನ್ನು ಒರೆಸಿ, ಆವಿ ಆರಲು ಬಿಡಿ.

ಆಮೇಲೆ ಕ್ಲಿಪ್ಪನ್ನು ಮತ್ತೆ ಹಾಕಿ, ಪ್ಲಗ್ಗನ್ನು ಅದರ ಕ್ಯಾಪಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಗಟ್ಟಿಯಾಗಿ ತಾಗುವಂತೆ ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಹಗ್ಗವನ್ನು ಚುರುಕಾಗಿ ಎಳೆಯಿರಿ. ಪ್ಲಗ್ ಸಿಲಿಂಡರಿನ ತೂತಿನಿಂದ ದೂರವಿರಲಿ. ಬರಿಗೈಯಲ್ಲಿ ಹಿಡಿದರೆ ಬಲವಾದ ಶಾಕ್ ಹೊಡೆಯುತ್ತದೆ. ಲೋಹಕ್ಕೆ ತಾಗಿಸದೆ ಎಳೆದರೆ ಕಿಡಿ ಹಾದುಹೋಗಲು ದಾರಿ ಸಿಗದೆ ಎಲೆಕ್ಟ್ರಾನಿಕ್ ಇಗ್ನಿಷನ್ ಕೆಡಬಹುದು. ಕಡಿಮೆ ಬೆಲೆಗೆ ಸಿಗುವ ಸ್ಪಾರ್ಕ್ ಟೆಸ್ಟರ್ ಒಂದಿದ್ದರೆ ಈ ಎರಡು ಅಪಾಯಗಳೂ ತಪ್ಪುತ್ತವೆ.

ಕಿಡಿ ನೀಲಿಯಾಗಿ, ಚಟಪಟ ಸದ್ದಿನೊಂದಿಗೆ ಹಾರಿದರೆ ಸರಿ. ಹಳದಿ ಬಣ್ಣದಲ್ಲಿ ಮಂದವಾಗಿ ಕಂಡರೆ ಸಿಲಿಂಡರಿನ ಒತ್ತಡದಲ್ಲಿ ಅದು ಹಾರದೇ ಹೋಗಬಹುದು. ಕಿಡಿ ಬಾರದಿದ್ದರೆ ಮೊದಲು ಹೊಸ ಪ್ಲಗ್ ಹಾಕಿ ನೋಡಿ, ಆಮೇಲೆ ಕ್ಯಾಪಿನೊಳಗೆ ಹಸಿರು ಕಿಲುಬು ಕಟ್ಟಿದೆಯೇ, ದಪ್ಪ ವೈರಿನ ಹೊದಿಕೆ ಒಡೆದಿದೆಯೇ ಪರೀಕ್ಷಿಸಿ. ಮುಂದಿನದು ಕಿಲ್ ಸ್ವಿಚ್ಚನ್ನು ಪಕ್ಕಕ್ಕಿಟ್ಟು ನೋಡುವುದು. ಹೆಚ್ಚಿನ ಸಣ್ಣ ಎಂಜಿನ್‌ಗಳಲ್ಲಿ ಈ ಸ್ವಿಚ್ ಇಗ್ನಿಷನ್ನಿನ ವಿದ್ಯುತ್ತನ್ನು ಎಂಜಿನ್ ಮೈಗೆ ಹರಿಸಿಬಿಟ್ಟು ಕಿಡಿ ನಿಲ್ಲಿಸುತ್ತದೆ. ಹಾಗಾಗಿ ಸ್ವಿಚ್ಚಿನಿಂದ ಬರುವ ವೈರಿನ ಕನೆಕ್ಟರ್ ಬೇರ್ಪಡಿಸಿ ಎಳೆದಾಗ ಕಿಡಿ ಬಂದರೆ ದೋಷ ಸ್ವಿಚ್ಚಿನದ್ದು ಅಥವಾ ಆ ವೈರಿನದ್ದು. ಇದು ಪರೀಕ್ಷೆಗೆ ಮಾತ್ರ. ಕಿಲ್ ಸ್ವಿಚ್ ಇಲ್ಲದೆ ದೋಣಿ ಓಡಿಸಬಾರದು, ಏಕೆಂದರೆ ಚಾಲಕ ನೀರಿಗೆ ಬಿದ್ದಾಗ ತಿರುಗುವ ಪ್ರೊಪೆಲ್ಲರನ್ನು ನಿಲ್ಲಿಸುವುದು ಅದೊಂದೇ.

ಆಗಲೂ ಕಿಡಿ ಇಲ್ಲವೆಂದರೆ ಉಳಿದದ್ದು ಫ್ಲೈವೀಲ್ (ಎಂಜಿನ್ ಮೇಲೆ ತಿರುಗುವ ಭಾರದ ಚಕ್ರ) ಕೆಳಗಿನ ಕಾಯಿಲ್‌ಗಳು, ಇಗ್ನಿಷನ್ ಪೆಟ್ಟಿಗೆ, ಹಳೆಯ ಎಂಜಿನ್‌ಗಳಾದರೆ ಪಾಯಿಂಟ್‌ಗಳು. ಕಾಯಿಲ್‌ಗಳ ರೋಧವನ್ನು ಮಲ್ಟಿಮೀಟರಿನಿಂದ ಅಳೆದು ಸರ್ವಿಸ್ ಕೈಪಿಡಿಯ ಅಂಕಿಗಳ ಜೊತೆ ಹೋಲಿಸಬೇಕು. ಫ್ಲೈವೀಲ್ ಕೀಳಲು ಅದಕ್ಕೆಂದೇ ಇರುವ ಪುಲ್ಲರ್ ಬೇಕು. ಸುತ್ತಿಗೆಯಿಂದ ಬಡಿದು ಎಬ್ಬಿಸುವವರು ಒಳಗಿನ ಅಯಸ್ಕಾಂತಗಳನ್ನು ಒಡೆಯುತ್ತಾರೆ. ಉಪಕರಣವಿಲ್ಲದವರು ಇಲ್ಲಿಗೆ ನಿಲ್ಲಿಸಿ ಎಂಜಿನ್ನನ್ನು ಮೆಕ್ಯಾನಿಕ್ ಬಳಿ ಒಯ್ಯುವುದೇ ಸರಿ.

ನಾಲ್ಕನೆಯ ಹಂತ: ಕಿಡಿ ಇದೆ, ಪ್ಲಗ್ ಒದ್ದೆ

ಇದು ಓವರ್‌ಫ್ಲೋ. ಪ್ಲಗ್ಗನ್ನು ಒರೆಸಿ ಒಣಗಿಸಿ ಅಥವಾ ಹೊಸದನ್ನು ಹಾಕಿ, ಪೆಟ್ರೋಲ್ ಪೈಪ್ ಬೇರ್ಪಡಿಸಿಯೇ ಇಟ್ಟು, ಚೋಕ್ ಪೂರ್ತಿ ಒಳಗೆ ತಳ್ಳಿ, ನ್ಯೂಟ್ರಲ್‌ನಲ್ಲಿ ಸಾಧ್ಯವಾದಷ್ಟು ಥ್ರಾಟಲ್ ತೆರೆದು ಹಗ್ಗ ಎಳೆಯಿರಿ. ಎಂಜಿನ್ ಹತ್ತಿಕೊಂಡ ಕೂಡಲೇ ಥ್ರಾಟಲ್ ಇಳಿಸಿ ಪೈಪ್ ಜೋಡಿಸಿ. ಎಂಜಿನ್ ಪದೇ ಪದೇ ಓವರ್‌ಫ್ಲೋ ಆಗುತ್ತಿದ್ದರೆ ಕಾರ್ಬ್ಯುರೇಟರಿಗೆ ಪೆಟ್ರೋಲ್ ಬರುವ ದಾರಿಯನ್ನು ತಡೆಯುವ ಫ್ಲೋಟ್ ಸೂಜಿ ಕಸ ಸಿಕ್ಕಿ ಮುಚ್ಚಿಕೊಳ್ಳುತ್ತಿಲ್ಲ ಎಂದರ್ಥ.

ಐದನೆಯ ಹಂತ: ಕಿಡಿ ಇದೆ, ಪ್ಲಗ್ ಒಣಗಿದೆ

ಹೆಚ್ಚು ಎಂಜಿನ್‌ಗಳು ಬಂದು ನಿಲ್ಲುವುದು ಇಲ್ಲಿ, ಅದರಲ್ಲೂ ತಿಂಗಳುಗಟ್ಟಲೆ ಮೂಲೆಯಲ್ಲಿದ್ದವು. ಮೊದಲು ಪೆಟ್ರೋಲನ್ನೇ ನೋಡಬೇಕು. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಸ್ವಚ್ಛವಾದ ಗಾಜಿನ ಬಾಟಲಿಗೆ ತೆಗೆದು ಕೆಲಕಾಲ ಇಡಿ. ನೀರು ಇದ್ದರೆ ಅದು ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಬಣ್ಣ ಗಾಢವಾಗಿ, ವಾಸನೆ ವಾರ್ನಿಷ್‌ನಂತಾಗಿದ್ದರೆ ಪೆಟ್ರೋಲ್ ಹಳಸಿದೆ. ಎಥನಾಲ್ ಬೆರೆತ ಪೆಟ್ರೋಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಮಿತಿಮೀರಿದಾಗ ಎಥನಾಲ್ ಮತ್ತು ನೀರು ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ, ಪೆಟ್ರೋಲ್ ಎಳೆಯುವ ಕೊಳವೆಯ ಬಾಯಿ ಇರುವುದೂ ಅಲ್ಲಿಯೇ. ಇಂಥ ಪೆಟ್ರೋಲಿಗೆ ಹೊಸದನ್ನು ಬೆರೆಸಿ ಸರಿಮಾಡುವ ಜಿಪುಣತನ ಬೇಡ, ಪೂರ್ತಿ ತೆಗೆದುಬಿಡಿ.

ಸಾಧ್ಯವಿದ್ದರೆ ಹೊಸ ಪೆಟ್ರೋಲ್ ತುಂಬಿದ ಬೇರೊಂದು ಟ್ಯಾಂಕನ್ನು ಅದರದೇ ಪೈಪಿನೊಂದಿಗೆ ಜೋಡಿಸಿ ನೋಡಿ. ಟ್ಯಾಂಕ್, ಗಾಳಿ ತಿರುಪು, ಪೈಪ್, ಬಲ್ಬ್, ಪೆಟ್ರೋಲ್ ಇಷ್ಟನ್ನೂ ಒಂದೇ ಏಟಿಗೆ ಅನುಮಾನದಿಂದ ಹೊರಗಿಡುವ ಪರೀಕ್ಷೆ ಇದು, ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮಕ್ಕೆ ಇಲ್ಲೊಂದು ವಿನಾಯಿತಿ ಕೊಡಬಹುದು. ಇನ್ನೊಂದು ಉಪಾಯವೂ ಇದೆ: ಪ್ಲಗ್ ತೂತಿನಲ್ಲಿ ಅರ್ಧ ಚಮಚದಷ್ಟು ಹೊಸ ಪೆಟ್ರೋಲ್ (ಟು-ಸ್ಟ್ರೋಕ್ ಆದರೆ ಆಯಿಲ್ ಬೆರೆಸಿದ್ದು) ಹಾಕಿ, ಪ್ಲಗ್ ಬಿಗಿದು, ಚೆಲ್ಲಿದ್ದನ್ನು ಒರೆಸಿ ಎಳೆಯಿರಿ. ಒಂದೆರಡು ಸೆಕೆಂಡ್ ಓಡಿ ನಿಂತರೆ ಕಿಡಿಯೂ ಸಿಲಿಂಡರೂ ಚೆನ್ನಾಗಿವೆ, ಕೊರತೆ ಇಂಧನ ಪೂರೈಕೆಯಲ್ಲೇ ಎಂಬುದು ಸಾಬೀತಾಗುತ್ತದೆ. ಸ್ಪ್ರೇ ಡಬ್ಬಿಯ ಈಥರ್ ದ್ರಾವಣವನ್ನು ಟು-ಸ್ಟ್ರೋಕ್ ಎಂಜಿನ್‌ಗೆ ಹೊಡೆಯಬೇಡಿ. ಅದರಲ್ಲಿ ಆಯಿಲ್ ಇರುವುದಿಲ್ಲ, ಪಿಸ್ಟನ್ ಮೇಲಿನ ಆಯಿಲ್ ಪದರವನ್ನೂ ತೊಳೆದುಹಾಕುತ್ತದೆ.

ಪೆಟ್ರೋಲ್ ಎಲ್ಲಿಯವರೆಗೆ ಬರುತ್ತಿದೆ ಎಂದು ತಿಳಿಯಲು ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲಿಗಿರುವ ಡ್ರೈನ್ ಸ್ಕ್ರೂ ಬಿಚ್ಚಿ, ಕೆಳಗೊಂದು ಪಾತ್ರೆ ಹಿಡಿದು, ಬಲ್ಬ್ ಹಿಚುಕಿ. ಏನೂ ಬಾರದಿದ್ದರೆ ಅಡಚಣೆ ಅದಕ್ಕಿಂತ ಮೊದಲೇ ಇದೆ: ಸಣ್ಣ ಫಿಲ್ಟರ್, ಪೆಟ್ರೋಲ್ ಪಂಪ್ ಅಥವಾ ಅಂಟಿಕೊಂಡ ಫ್ಲೋಟ್ ಸೂಜಿ. ಸ್ವಚ್ಛ ಪೆಟ್ರೋಲ್ ಧಾರಾಳವಾಗಿ ಬಂದೂ ಪ್ಲಗ್ ಒಣಗಿಯೇ ಇದ್ದರೆ ಪೆಟ್ರೋಲನ್ನು ಅಳೆದು ಬಿಡುವ ಜೆಟ್‌ಗಳು ಕಟ್ಟಿವೆ. ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಆವಿಯಾಗುತ್ತ ಅಂಟು ಬಿಟ್ಟುಹೋಗುತ್ತದೆ, ಸಣ್ಣ ಎಂಜಿನ್ನಿನ ಜೆಟ್ಟಿನ ತೂತು ಬಹಳ ಕಿರಿದಾದ್ದರಿಂದ ಅದನ್ನು ಮುಚ್ಚಲು ಅಷ್ಟೇ ಸಾಕು. ಕಾರ್ಬ್ಯುರೇಟರ್ ಬಿಚ್ಚುವಾಗ ಪ್ರತಿ ಹಂತದಲ್ಲೂ ಒಂದು ಫೋಟೋ ತೆಗೆದುಕೊಳ್ಳಿ. ಬಟ್ಟಲು, ಫ್ಲೋಟ್, ಸೂಜಿ ತೆಗೆದು, ಮುಖ್ಯ ಜೆಟ್ ಮತ್ತು ಐಡಲ್ ಜೆಟ್ಟನ್ನು ಸರಿಯಾದ ಅಳತೆಯ ಸ್ಕ್ರೂಡ್ರೈವರಿನಿಂದ ಬಿಚ್ಚಿ, ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸಿ, ಒತ್ತಡದ ಗಾಳಿ ಊದಿ. ಕಣ್ಣಿಗೆ ಕನ್ನಡಕವಿರಲಿ. ಜೆಟ್ಟನ್ನು ಬೆಳಕಿಗೆ ಹಿಡಿದಾಗ ದುಂಡನೆಯ ತೂತು ಸ್ಪಷ್ಟವಾಗಿ ಕಾಣಬೇಕು. ಕಬ್ಬಿಣದ ತಂತಿ ಅಥವಾ ಸೂಜಿಯಿಂದ ಚುಚ್ಚಿದರೆ ಮೆತುವಾದ ಹಿತ್ತಾಳೆ ಸವೆದು ತೂತಿನ ಅಳತೆಯೇ ಬದಲಾಗುತ್ತದೆ. ನೈಲಾನ್ ಎಳೆ ಸಾಕು. ಗಾಳಿ ಮಿಶ್ರಣದ ತಿರುಪನ್ನು ಬಿಚ್ಚುವುದಾದರೆ ಮೊದಲು ಒಳಗೆ ಎಷ್ಟು ಸುತ್ತು ಹೋಗುತ್ತದೆಂದು ಎಣಿಸಿ ಬರೆದಿಟ್ಟುಕೊಂಡು, ಜೋಡಿಸುವಾಗ ಅಷ್ಟೇ ಹೊರಗೆ ಬಿಡಿ.

ಇಂಧನವೂ ಕಿಡಿಯೂ ಸರಿಯಿದ್ದರೆ

ಹಗ್ಗ ಎಂದಿಗಿಂತ ಹಗುರವಾಗಿ ಬರುತ್ತಿದ್ದರೆ ಕಂಪ್ರೆಷನ್, ಎಂದರೆ ಸಿಲಿಂಡರಿನ ಒತ್ತಡ, ಅಳೆಯಬೇಕು. ಎಲ್ಲ ಪ್ಲಗ್ ಬಿಚ್ಚಿ, ಕಿಲ್ ಕ್ಲಿಪ್ ತೆಗೆದು, ಪ್ಲಗ್ ಕ್ಯಾಪುಗಳನ್ನು ಎಂಜಿನ್ ಮೈಗೆ ತಾಗಿಸಿ, ಥ್ರಾಟಲ್ ತೆರೆದು, ಗೇಜ್ ಹಾಕಿ ಮುಳ್ಳು ಮೇಲೇರುವುದು ನಿಲ್ಲುವವರೆಗೆ ಎಳೆಯಿರಿ. ಎರಡು ಸಿಲಿಂಡರ್ ಇದ್ದರೆ ಅವುಗಳ ನಡುವೆ ದೊಡ್ಡ ವ್ಯತ್ಯಾಸವಿರಬಾರದು. ಎಂಜಿನ್ ಹಿಮ್ಮುಖವಾಗಿ ಒದೆಯುತ್ತಿದ್ದರೆ ಅಥವಾ ಕಾರ್ಬ್ಯುರೇಟರಿನಿಂದ ಢಬ್ ಎಂದು ಸದ್ದು ಬರುತ್ತಿದ್ದರೆ, ಫ್ಲೈವೀಲನ್ನು ಶಾಫ್ಟಿಗೆ ಕೂರಿಸುವ ಸಣ್ಣ ಕೀಲು ಕತ್ತರಿಸಿ ಕಿಡಿಯ ಸಮಯ ತಪ್ಪಿರಬಹುದು. ಪ್ರೊಪೆಲ್ಲರ್ ಕಲ್ಲಿಗೆ ಬಡಿದ ಮೇಲೆ ಶುರುವಾದ ತೊಂದರೆಯಾದರೆ ಈ ಅನುಮಾನ ಬಲವಾಗುತ್ತದೆ. ನ್ಯೂಟ್ರಲ್‌ನಲ್ಲಿ, ಪ್ಲಗ್ ಬಿಚ್ಚಿದರೂ ಫ್ಲೈವೀಲ್ ಕೈಯಿಂದ ತಿರುಗದಿದ್ದರೆ ಬಲ ಹಾಕದೆ ಮೆಕ್ಯಾನಿಕ್‌ಗೆ ಒಪ್ಪಿಸಿ.

ಬ್ಯಾಟರಿ ಸ್ಟಾರ್ಟ್ ಇರುವ ಎಂಜಿನ್ ಬರೀ ಟಕ್ ಎಂದು ಸುಮ್ಮನಾದರೆ ಬ್ಯಾಟರಿಯ ತುದಿಗಳ ಕಿಲುಬು ತೆಗೆದು ಬಿಗಿ ಮಾಡಿ. ಪೂರ್ತಿ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಟಕ್ ಎಂಬ ಸದ್ದೂ ಇಲ್ಲದಿದ್ದರೆ ಫ್ಯೂಸ್ ಮತ್ತು ನ್ಯೂಟ್ರಲ್ ಸ್ವಿಚ್ ನೋಡಬೇಕು.

ಸ್ಟಾರ್ಟ್ ಆದ ಮೇಲೆ

ಎಂಜಿನ್ ಓಡತೊಡಗಿದ ಕೂಡಲೇ ಹಿಂಬದಿಯ ಸಣ್ಣ ರಂಧ್ರದಿಂದ ಎಂಜಿನ್ ತಣಿಸಿದ ನೀರಿನ ಧಾರೆ ಬರುತ್ತಿದೆಯೇ ನೋಡಿ. ಸ್ವಲ್ಪ ಹೊತ್ತಿನಲ್ಲೂ ಬಾರದಿದ್ದರೆ ಎಂಜಿನ್ ನಿಲ್ಲಿಸಿ ಆ ರಂಧ್ರವನ್ನೂ ನೀರೆಳೆಯುವ ಜಾಲರಿಯನ್ನೂ ಸ್ವಚ್ಛಮಾಡಿ. ಅಲ್ಲಿ ಕಸವಿಲ್ಲವೆಂದರೆ ಇಂಪೆಲರ್ ಬದಲಿಸಬೇಕಾಗಿದೆ. ಎಂಜಿನ್ ಸೊರಗಿದಾಗ ಬಲ್ಬ್ ಹಿಚುಕಿದರೆ ಚೇತರಿಸಿಕೊಂಡು, ಬಿಟ್ಟರೆ ಮತ್ತೆ ಸೊರಗುತ್ತಿದ್ದರೆ ಪೆಟ್ರೋಲ್ ಪಂಪಿನ ಡಯಾಫ್ರಂ ಹರಿದಿರಬೇಕು ಅಥವಾ ಪೈಪಿನಲ್ಲಿ ಎಲ್ಲೋ ಗಾಳಿ ಸೇರುತ್ತಿರಬೇಕು. ನ್ಯೂಟ್ರಲ್‌ನಲ್ಲಿ ಚೆನ್ನಾಗಿ ಓಡಿ ಗೇರ್ ಹಾಕಿದೊಡನೆ ನಿಲ್ಲುವುದಾದರೆ ಎಂಜಿನ್ ಆರಿಸಿ, ಕಿಲ್ ಕ್ಲಿಪ್ ತೆಗೆದು, ಎಂಜಿನ್ ಎತ್ತಿ ಪ್ರೊಪೆಲ್ಲರಿಗೆ ಹಗ್ಗವೋ ಬಲೆಯೋ ಸುತ್ತಿಕೊಂಡಿದೆಯೇ ಪರೀಕ್ಷಿಸಿ. ಹಲವು ವಾರ ಬಳಸುವುದಿಲ್ಲವೆಂದು ಗೊತ್ತಿದ್ದರೆ, ನೀರಿನಲ್ಲಿರುವಾಗಲೇ ಪೆಟ್ರೋಲ್ ಪೈಪ್ ಕಳಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಬಟ್ಟಲಿನ ಡ್ರೈನ್ ಸ್ಕ್ರೂ ಬಿಚ್ಚಿ ಉಳಿದದ್ದನ್ನು ಪಾತ್ರೆಗೆ ಇಳಿಸಿ, ಸ್ಕ್ರೂ ಬಿಗಿದಿಡಿ.